ಹಾರ್ಮುಜ್ ಜಲಸಂಧಿ ತಣ್ಣಗಾಯ್ತು ಅನ್ನುವವರಿಗೆ: ಅಮೆರಿಕ–ಇರಾನ್ ಜಗಳ ಎಲ್ಲಿಂದ ಎಲ್ಲಿಗೆ?

ಕಡಲ ತಡಿ | 3 ಜುಲೈ 2025, ಬೆಳಿಗ್ಗೆ 9.40

ಜೂನ್ 13ಕ್ಕೆ ಇಸ್ರೇಲ್ ಇರಾನಿನ ಮೇಲೆ ಶುರು ಮಾಡಿದ ಯುದ್ಧಕ್ಕೆ ಕದನವಿರಾಮ ಆಗಿ ಹತ್ತು ದಿನ ತುಂಬಲಿಲ್ಲ, ಟಿ.ವಿ.ಯವರು ಆಗಲೇ ಬೇರೆ ಸುದ್ದಿಗೆ ಹಾರಿದ್ದಾರೆ. ಯುದ್ಧ ಮುಗಿಯಿತಂತೆ. ನಾನು ಮೂವತ್ತು ವರ್ಷ ಹಡಗಿನಲ್ಲಿದ್ದವ, ಅದರಲ್ಲಿ ಹೆಚ್ಚಿನದ್ದು ಟ್ಯಾಂಕರಿನಲ್ಲಿ. ನನಗಂತೂ ಅಷ್ಟು ಧೈರ್ಯ ಇಲ್ಲ.

ಇವತ್ತೇ ಇದನ್ನು ಬರೆಯಲಿಕ್ಕೆ ಕಾರಣ ಉಂಟು. 1988ರ ಜುಲೈ 3ರಂದು ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟ ಇರಾನ್ ಏರ್ 655 ವಿಮಾನವನ್ನು ಅಮೆರಿಕದ ಯುದ್ಧನೌಕೆ ವಿನ್ಸೆನ್ಸ್ ಹೊಡೆದು ಕೆಡವಿತು. ಅರ್ಧ ಗಂಟೆಯದ್ದೂ ಅಲ್ಲದ ಪ್ರಯಾಣ. 290 ಜನ ಸತ್ತರು, 66 ಮಕ್ಕಳು. ಹತ್ತು ಮಂದಿ ಭಾರತೀಯರೂ ಇದ್ದರು. ನಮ್ಮ ಪೇಪರುಗಳಲ್ಲಿ ಈಗ ಇದನ್ನು ಯಾರೂ ನೆನಪಿಸುವುದಿಲ್ಲ.

ಆಗ ಇರಾನ್–ಇರಾಕ್ ಯುದ್ಧ ಕೊನೆಯ ಹಂತದಲ್ಲಿತ್ತು. ಎರಡೂ ಕಡೆಯವರು ಟ್ಯಾಂಕರುಗಳಿಗೆ ಹೊಡೆಯುತ್ತಿದ್ದರು, ಕುವೈತಿನ ಹಡಗುಗಳಿಗೆ ಅಮೆರಿಕದ ಬಾವುಟ ಹಾಕಿ ಕಾವಲು ಕೊಡುತ್ತಿದ್ದರು. ಆವತ್ತು ಬೆಳಿಗ್ಗೆ ವಿನ್ಸೆನ್ಸ್ ಇರಾನಿನ ಸಣ್ಣ ದೋಣಿಗಳ ಬೆನ್ನು ಹತ್ತಿತ್ತು, ಅದೂ ಇರಾನಿನ ಜಲಗಡಿಯ ಒಳಗೆ ನುಗ್ಗಿ. ಬಂದರ್ ಅಬ್ಬಾಸ್‌ನ ರನ್‌ವೇ ಸೇನೆಗೂ ಪ್ರಯಾಣಿಕರಿಗೂ ಒಂದೇ. ಅಲ್ಲಿಂದ ಎದ್ದದ್ದು ಎಫ್-14 ಯುದ್ಧವಿಮಾನ ಅಂತ ಹಡಗಿನ ಕತ್ತಲೆ ಕೋಣೆಯಲ್ಲಿ ಕೂತವರು ನಂಬಿಬಿಟ್ಟರು. ಆ ಎಫ್-14ಗಳನ್ನು ಇರಾನಿಗೆ ಮಾರಿದ್ದು ಯಾರು ಕೇಳಿ: ಅಮೆರಿಕವೇ, ಅಲ್ಲಿನ ರಾಜ ಷಾ ಕಾಲದಲ್ಲಿ.

ವಿಮಾನ ಮೇಲೇರುತ್ತಿತ್ತು. ಹಡಗಿನ ಕಂಪ್ಯೂಟರಿನಲ್ಲೂ ಹಾಗೆಯೇ ದಾಖಲಾಗಿದೆ. ಪರದೆ ನೋಡುತ್ತಿದ್ದವರು ಮಾತ್ರ ಕೆಳಗಿಳಿಯುತ್ತಿದೆ, ನಮ್ಮ ಕಡೆಗೇ ಬರುತ್ತಿದೆ ಎಂದು ವರದಿ ಕೊಟ್ಟರು. ಹತ್ತು ಸಲ ಎಚ್ಚರಿಕೆ ಹೋಯಿತು. ಏಳು ಸಲ ಸೇನೆಯ ತರಂಗಾಂತರದಲ್ಲಿ. ಪ್ರಯಾಣಿಕ ವಿಮಾನಕ್ಕೆ ಅದು ಕೇಳುವುದೇ ಇಲ್ಲ. ಆಮೇಲೆ ಎರಡು ಕ್ಷಿಪಣಿ.

ಕೊಲ್ಲಿಯಲ್ಲಿ ದೊಡ್ಡ ಯುದ್ಧ ಯಾರೋ ಅಧ್ಯಕ್ಷರು ಮೇಜು ಗುದ್ದಿ ಶುರು ಮಾಡುತ್ತಾರೆ ಅಂತ ನನಗನ್ನಿಸುವುದಿಲ್ಲ. ಇಂಥ ಏಳೆಂಟು ನಿಮಿಷದಲ್ಲಿ ಶುರುವಾದೀತು. ನೀವೆಲ್ಲ ಏನಂತೀರಿ? ಹಳೆಯದ್ದು ಗೊತ್ತಿದ್ದವರು ಹಳೆಯದ್ದನ್ನೂ ಹೇಳಿ.

ನೇರ ಮಾತು | 10.15

ಸರ್, 655ರ ವಿಷಯದಲ್ಲಿ ನಿಮ್ಮ ಜೊತೆ ಜಗಳ ಇಲ್ಲ. ಆದರೆ ಅಮೆರಿಕ ಸುಮ್ಮಸುಮ್ಮನೆ ಇರಾನಿನ ಮೇಲೆ ಬಿದ್ದಿದೆ ಅನ್ನೋ ಹಾಗೆ ಇಲ್ಲಿ ಕೆಲವರು ಬರೀತಾರೆ, ಅದಕ್ಕೆ ಹೇಳ್ತಿದೀನಿ. ಶುರು ಮಾಡಿದ್ದು ಯಾರು? 1979ರ ನವೆಂಬರ್ 4ರಂದು ಟೆಹ್ರಾನಿನ ಅಮೆರಿಕ ರಾಯಭಾರ ಕಚೇರಿಗೆ ನುಗ್ಗಿ 52 ಜನರನ್ನ 444 ದಿನ ಕೂಡಿಹಾಕಿದ್ರು. ರಾಯಭಾರಿಗಳನ್ನ ಮುಟ್ಟಬಾರದು ಅನ್ನೋದು ರಾಮಾಯಣದ ಕಾಲದಿಂದ ಇರೋ ನಿಯಮ, ಹನುಮಂತನ ಬಾಲಕ್ಕೆ ಬೆಂಕಿ ಹಚ್ಚಿದವನ ಊರು ಏನಾಯ್ತು ಗೊತ್ತಲ್ಲ. 1983ರಲ್ಲಿ ಬೇರೂತ್‌ನಲ್ಲಿ ಒಂದೇ ಟ್ರಕ್ ಬಾಂಬಿಗೆ 241 ಅಮೆರಿಕನ್ ಸೈನಿಕರು ಸತ್ತರು, ಹಿಂದೆ ಇದ್ದದ್ದು ಇರಾನ್ ಸಾಕಿದ ಗುಂಪು. ನಲವತ್ತೈದು ವರ್ಷದಿಂದ ಶುಕ್ರವಾರದ ನಮಾಜಿನಲ್ಲಿ ಅಮೆರಿಕಕ್ಕೆ ಸಾವಿರಲಿ ಅಂತ ಕೂಗಿಸೋ ಸರ್ಕಾರ ಅದು.

ಧಾರವಾಡ ಮಾಸ್ತರ | 11.50

ತಮ್ಮಾ ನೇರ ಮಾತು, 1979ಕ್ಕ ಸುರು ಮಾಡಿದ್ರ ಅರ್ಧ ಪುಸ್ತಕ ಹರದು ಒಗದು ಓದಿಧಾಂಗ ಆಗತೈತಿ. ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಎಣ್ಣಿ ಸಿಕ್ಕದ್ದು 1908ರಾಗ, ಮಸ್ಜಿದ್ ಸುಲೇಮಾನದಾಗ. ತಗದವರು ಇಂಗ್ಲಿಷರ ಕಂಪನಿ. ಬಾವಿ ಇರಾನಿಂದು, ಹಗ್ಗ–ಕೊಡ ಲಂಡನ್ನಿನವರದು. ಆ ಕಂಪನಿ ಇರಾನಿಗೆ ಕೊಡೂ ಪಾಲಿಗಿಂತ ಬ್ರಿಟಿಷ್ ಸರ್ಕಾರಕ್ಕ ಕಟ್ಟೂ ತೆರಿಗೀನ ಜಾಸ್ತಿ ಇರ್ತಿತ್ತು. ಅಬಾದಾನ್ ರಿಫೈನರಿ ಆಗಿನ ಕಾಲಕ್ಕ ಜಗತ್ತಿನ್ಯಾಗ ಎಲ್ಲಾಕಿಂತ ದೊಡ್ಡದು, ಅಲ್ಲಿ ದುಡಿಯೂ ಇರಾನಿ ಕೂಲಿಯವರು ಇರೂದು ಮಾತ್ರ ತಗಡಿನ ಜೋಪಡಿಯಾಗ. 1950ರಾಗ ಬಾಜೂಕಿನ ಸೌದಿಗೆ ಅಮೆರಿಕದ ಕಂಪನಿ ಅರ್ಧಕ್ಕರ್ಧ ಕೊಡಾಕ ಒಪ್ಪಿತು. ಇದನ್ನ ನೋಡಿ ಇರಾನಿನವರು ಸುಮ್ಮನ ಕುಂದರ್ತಾರೇನ್ರಿ? 1951ರಾಗ ಮಜ್ಲಿಸ್, ಅಂದ್ರ ಅಲ್ಲಿನ ಸಂಸತ್ತು, ಎಣ್ಣಿಯನ್ನ ರಾಷ್ಟ್ರೀಕರಣ ಮಾಡ್ತು. ಮೊಹಮ್ಮದ್ ಮೊಸದ್ದೆಕ್ ಪ್ರಧಾನಿ ಆದರು. ವಯಸ್ಸಾದ ಮನಿಷ್ಯಾ, ಪೈಜಾಮಾದಾಗ ಹಾಸಿಗಿ ಮ್ಯಾಲೆ ಮಕ್ಕೊಂಡ ಪರದೇಶದ ದೂತರನ್ನ ಮಾತಾಡಸ್ತಿದ್ರು, ಭಾಷಣ ಮಾಡ್ತಾ ಮಾಡ್ತಾ ಅಳ್ತಿದ್ರು. ಪಾಶ್ಚಾತ್ಯ ಪೇಪರಿನವರು ನಕ್ಕರು. ಇರಾನಿನ ಮಂದಿ ನಗಲಿಲ್ಲ.

ಇಂಗ್ಲಿಷರು ನೌಕಾಪಡೆ ತಂದು ಎಣ್ಣಿ ಹೊರಗ ಹೋಗದಂಗ ಕಟ್ಟಿಹಾಕಿದ್ರು. ಮೊಸದ್ದೆಕ್‌ರನ್ನ ಇಳಸೂ ಮಾತಿಗೆ ಅಧ್ಯಕ್ಷ ಟ್ರೂಮನ್ ಇರೂತನಕಾ ಅಮೆರಿಕ ಒಪ್ಪಲಿಲ್ಲ, ಐಸೆನ್‌ಹೋವರ್ ಬಂದಮ್ಯಾಲೆ ಒಪ್ತು, ಕಮ್ಯುನಿಸ್ಟರು ಬರ್ತಾರ ಅನ್ನೂ ಅಂಜಿಕಿ ಹಚ್ಚಿದ್ರು. 1953ರ ಆಗಸ್ಟ್ 15ರ ರಾತ್ರಿ ಮೊಸದ್ದೆಕ್‌ರನ್ನ ಇಳಸಾಕ ಮೊದಲನೇ ಸಲ ನೋಡಿದ್ರು, ಕೆಟ್ಟು ಹೋತು. ಷಾ ಬಗ್ದಾದಿಗೆ, ಅಲ್ಲಿಂದ ರೋಮಿಗೆ ಓಡಿದ. ಟೆಹ್ರಾನಿನ್ಯಾಗ ಸಿಐಎ ಕಡೆಯಿಂದ ಕುಂತಿದ್ದವ ಕರ್ಮಿಟ್ ರೂಸ್‌ವೆಲ್ಟ್, ಹಳೇ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟರ ಮೊಮ್ಮಗ. ಅವ ಬಿಡಲಿಲ್ಲ. ನಾಕು ದಿವಸದಾಗ ರೊಕ್ಕ ಕೊಟ್ಟು ಮಂದಿ ಕೂಡಿಸಿದ, ದಂಡಿನವರನ್ನ ಒಳಗ ಹಾಕ್ಕೊಂಡ, 19ಕ್ಕ ಸರ್ಕಾರ ಬಿತ್ತು. ಮೊಸದ್ದೆಕ್‌ಗೆ ಮೂರು ವರ್ಷ ಜೈಲು, ಆಮ್ಯಾಲೆ 1967ರಾಗ ಸಾಯೂತನಕಾ ಅಹ್ಮದಾಬಾದ್ ಅನ್ನೂ ಹಳ್ಳ್ಯಾಗ ಗೃಹಬಂಧನ. (ನಮ್ಮ ಗುಜರಾತಿಂದಲ್ಲ, ಅಲ್ಲಿಂದು.) 1954ರಾಗ ಎಣ್ಣಿ ಪಾಲು ಹಂಚಿದಾಗ ಅಮೆರಿಕದ ಕಂಪನಿಗಳಿಗೆ ಶೇ. 40. ಸಿಐಎ ತಾನ ಮಾಡಿದ್ದು ಅಂತ ದಾಖಲಿ ಸಮೇತ ಒಪ್ಪಿದ್ದು 2013ರಾಗ, ಅರವತ್ತು ವರ್ಷದ ಮ್ಯಾಲೆ.

ಈಗ 1979ಕ್ಕ ಬರ್ರಿ. ಕ್ರಾಂತಿ ಆಗಿ ಷಾ ಮತ್ತ ಓಡಿದ್ದ. ಅಕ್ಟೋಬರಿನ್ಯಾಗ ಕ್ಯಾನ್ಸರ್ ಉಪಚಾರಕ್ಕಂತ ಅವನನ್ನ ನ್ಯೂಯಾರ್ಕಿಗೆ ಬಿಟ್ಕೊಂಡ್ರು. ಟೆಹ್ರಾನಿನ ಹುಡುಗರ ತಲ್ಯಾಗ ಏನು ಬಂದಿರಬೇಕು ನೀವ ಹೇಳ್ರಿ. ಹೋದ ಸಲಾನೂ ಓಡಿಹೋದ ಷಾನ್ನ ಅಮೆರಿಕದವರು ತಿರುಗಿ ತಂದು ಕುಂಡ್ರಿಸಿದ್ರು. ಕಚೇರಿಗೆ ನುಗ್ಗಿದ್ದು ಸರಿ ಅಂತ ನಾ ಅನ್ನೂದಿಲ್ಲ. ಅವರಿಗೆ ಅದು ರಾಯಭಾರ ಕಚೇರಿ ಆಗಿ ಕಾಣಿಸಲಿಲ್ಲ ಅಂತಷ್ಟ ಹೇಳ್ತೀನಿ. ಒಳಗಿದ್ದವರು ಗಡಿಬಿಡ್ಯಾಗ ಕಾಗದ ಪತ್ರ ಯಂತ್ರಕ್ಕ ಹಾಕಿ ಸೀಳಿದ್ರು. ಆ ಸೀಳಿದ ಎಳೀನೆಲ್ಲಾ ಕೂಡಿಸಾಕ ಇರಾನಿನವರು ಜಮಖಾನೆ ನೇಯೂ ಮಂದಿಯನ್ನ ಕರಕೊಂಡು ಬಂದ್ರು! ಒಂದೊಂದ ಎಳಿ ಜೋಡಿಸಿ ಓದಿ, ಸಾಲಾಗಿ ಪುಸ್ತಕ ಮಾಡಿ ಅಚ್ಚು ಹಾಕಿಸಿ ಮಾರಿದ್ರು. ಅಷ್ಟು ತಾಳ್ಮಿ ಇರೂ ಸಿಟ್ಟದು.

ನೇರ ಮಾತು | 12.30

ಮಾಸ್ತರೇ, ಚೆನ್ನಾಗಿ ಬರೆದ್ರಿ, ಆದ್ರೆ ಒಂದು ಬಿಟ್ಟಿದೀರಿ. ಮೊಸದ್ದೆಕ್‌ರ ಕೈ ಬಿಟ್ಟವರಲ್ಲಿ ಅಯತೊಲ್ಲಾ ಕಾಶಾನಿಯೂ ಇದ್ರು. ಮೊದಲು ಜೊತೆಗಿದ್ದು ಆಮೇಲೆ ತಿರುಗಿಬಿದ್ದವರು. ಇವತ್ತು ಅಮೆರಿಕವನ್ನ ಬೈಯ್ಯೋಕೆ 1953 ಬೇಕು, ಆದರೆ ಮೊಸದ್ದೆಕ್ ಅನ್ನೋ ಜಾತ್ಯತೀತ ಮನುಷ್ಯ ಈ ಸರ್ಕಾರಕ್ಕೆ ಬೇಡ.

ಧಾರವಾಡ ಮಾಸ್ತರ | 12.41

ಖರೇ ಐತಿ. ಒಪ್ಪಿದೆ.

ಕಾಫಿ ಬೇಕಾ | ಮಧ್ಯಾಹ್ನ 1.20

ನಾನು ಇಲ್ಲಿ ಸುಮ್ನೆ ಓದೋಳು. ಒಂದು ದಡ್ಡ ಪ್ರಶ್ನೆ. ಎಲ್ಲರೂ ಶೇ. 60 ಶುದ್ಧ ಮಾಡಿದ ಯುರೇನಿಯಂ, ಶೇ. 60 ಅಂತಾರೆ. ಇರಾನಿಗೆ ಈ ಅಣು ವಿದ್ಯೆ ಹೇಳಿಕೊಟ್ಟಿದ್ದು ಯಾರು? ಪಾಕಿಸ್ತಾನನಾ?

ಕಡಲ ತಡಿ | 2.05

ದಡ್ಡ ಪ್ರಶ್ನೆ ಅಲ್ಲ ಮಗಾ. ಯುರೇನಿಯಂ ಶುದ್ಧ ಮಾಡುವ ಯಂತ್ರದ, ಅಂದರೆ ಸೆಂಟ್ರಿಫ್ಯೂಜ್‌ನ, ವಿನ್ಯಾಸ ಪಾಕಿಸ್ತಾನದ ಅಣುವಿಜ್ಞಾನಿ ಖಾನ್ ಜಾಲದಿಂದ ಹೋದದ್ದು ಹೌದು. ಆದರೆ ಮೊದಲ ರಿಯಾಕ್ಟರ್ ಕೊಟ್ಟದ್ದು ಅಮೆರಿಕ. 1957ರಲ್ಲಿ ಒಪ್ಪಂದ, 1967ರಲ್ಲಿ ಟೆಹ್ರಾನಿನಲ್ಲಿ 5 ಮೆಗಾವಾಟ್‌ನ ಸಂಶೋಧನಾ ರಿಯಾಕ್ಟರ್. ಅದಕ್ಕೆ ಕಳಿಸಿದ ಇಂಧನ ಎಷ್ಟು ಶುದ್ಧ ಇತ್ತು ಗೊತ್ತುಂಟಾ? ಶೇ. 93. ಬಾಂಬಿಗೆ ಬೇಕಾಗುವಷ್ಟೇ ಶುದ್ಧ. ಆಗ ಷಾ ಗೆಳೆಯ.

2002ರಲ್ಲಿ ನತಾಂಜ್, 2009ರಲ್ಲಿ ಕೋಮ್ ಹತ್ತಿರ ಗುಡ್ಡ ಕೊರೆದು ಕಟ್ಟಿದ ಫೋರ್ಡೊ, ಯುರೇನಿಯಂ ಶುದ್ಧ ಮಾಡುವ ಈ ಎರಡೂ ಸ್ಥಾವರ ಹೊರಜಗತ್ತಿಗೆ ಗೊತ್ತಾಯಿತು. ಇರಾನ್ ತಾನಾಗಿ ಹೇಳಿದ್ದಲ್ಲ, ಸಿಕ್ಕಿಬಿದ್ದದ್ದು. ಆ ಅನುಮಾನಕ್ಕೆ ಕಾರಣ ಅವರೇ. 2015ರ ಜುಲೈ 14ರಂದು ವಿಯೆನ್ನಾದಲ್ಲಿ ಒಪ್ಪಂದ ಆಯಿತು: ಶೇ. 3.67ಕ್ಕಿಂತ ಹೆಚ್ಚು ಶುದ್ಧ ಮಾಡುವ ಹಾಗಿಲ್ಲ, ದಾಸ್ತಾನು 300 ಕಿಲೋ ದಾಟುವ ಹಾಗಿಲ್ಲ, ತಪಾಸಣೆ ಮಾಡುವವರಿಗೆ ಬಾಗಿಲು ತೆರೆದಿರಬೇಕು. ಇರಾನ್ ಅದನ್ನು ಪಾಲಿಸುತ್ತಿದೆ ಎಂದು ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯವರು ಮತ್ತೆ ಮತ್ತೆ ಬರೆದು ಕೊಟ್ಟರು. 2018ರ ಮೇ 8ಕ್ಕೆ ಟ್ರಂಪ್ ಆ ಒಪ್ಪಂದದಿಂದ ಹೊರಗೆ ಬಂದರು. ಮುಂದಿನದ್ದು ಲೆಕ್ಕ ಹಾಕಿ: ಆಗ 3.67 ಇದ್ದದ್ದು ಈಗ 60ಕ್ಕೆ ಬಂದು ನಿಂತಿದೆ, ಆ ಶೇ. 60ರ ದಾಸ್ತಾನೇ 400 ಕಿಲೋ ಮೀರಿದೆ.

ನೇರ ಮಾತು | 2.30

ಮತ್ತೆ ಒಬಾಮಾ ಇರಾನಿಗೆ ವಿಮಾನದಲ್ಲಿ ನೋಟಿನ ಕಂತೆ ಕಳಿಸಿದ್ದು? 1.7 ಬಿಲಿಯನ್ ಡಾಲರ್!

ಹಳೇ ರಿಫೈನರಿ | 3.10

ಅದು ಇರಾನಿನದ್ದೇ ದುಡ್ಡು ಮಾರಾಯ್ರೇ. ಷಾ ಶಸ್ತ್ರಾಸ್ತ್ರಕ್ಕೆ ಅಂತ ಮುಂಗಡ ಕಟ್ಟಿದ್ದ 400 ಮಿಲಿಯನ್, ಕ್ರಾಂತಿ ಆದ ಮೇಲೆ ಸಾಮಾನೂ ಕೊಡಲಿಲ್ಲ, ದುಡ್ಡೂ ಕೊಡಲಿಲ್ಲ. ಉಳಿದ 1.3 ಬಿಲಿಯನ್ ಬಡ್ಡಿ. ಅಂಗಡಿಯವ ಮೂವತ್ತೈದು ವರ್ಷ ಮುಂಗಡ ಇಟ್ಟುಕೊಂಡರೆ ನಾವು ಸುಮ್ಮನೆ ಇರುತ್ತೇವಾ? ಆದರೆ ಆ ದುಡ್ಡು ಹೋದ ದಿನವೇ ಅಮೆರಿಕದ ಕೈದಿಗಳ ಬಿಡುಗಡೆ ಆದದ್ದು ನೋಡಲಿಕ್ಕೆ ಚೆಂದ ಇರಲಿಲ್ಲ, ಅದು ನಿಜ.

ನನ್ನ ಲೆಕ್ಕ ಬೇರೆ. ನಾನು ಮಂಗಳೂರಿನವ, ಕಚ್ಚಾತೈಲದ ವ್ಯವಹಾರ ಹತ್ತಿರದಿಂದ ಕಂಡವ. ಒಂದು ಕಾಲದಲ್ಲಿ ಭಾರತದಲ್ಲಿ ಇರಾನಿನ ತೈಲವನ್ನು ಅತಿ ಹೆಚ್ಚು ಕೊಳ್ಳುತ್ತಿದ್ದದ್ದು ನಮ್ಮ ಎಂಆರ್‌ಪಿಎಲ್ ರಿಫೈನರಿ. 2012ರಲ್ಲಿ ಅಮೆರಿಕದ ನಿರ್ಬಂಧದಿಂದ ಡಾಲರ್ ದಾರಿ ಮುಚ್ಚಿದಾಗ ಯುಕೋ ಬ್ಯಾಂಕಿನ ಮೂಲಕ ಶೇ. 45ರಷ್ಟನ್ನು ರೂಪಾಯಿಯಲ್ಲಿ ಕೊಡುವ ವ್ಯವಸ್ಥೆ ಆಯಿತು. ಆದರೂ 2013ರಲ್ಲಿ ಕೆಲವು ತಿಂಗಳು ಇರಾನಿನ ತೈಲ ಬರುವುದು ನಿಂತಿತು. ಕಾರಣ ಬಾಂಬ್ ಅಲ್ಲ, ಯುದ್ಧನೌಕೆ ಅಲ್ಲ. ವಿಮೆ! ಇರಾನಿನ ತೈಲ ಸಂಸ್ಕರಿಸುವ ರಿಫೈನರಿಗೆ ವಿಮೆ ಕೊಡಲಿಕ್ಕೆ ಯಾರೂ ತಯಾರಿರಲಿಲ್ಲ. 2019ರ ಮೇ ತಿಂಗಳಲ್ಲಿ ಅಮೆರಿಕ ಕೊಟ್ಟಿದ್ದ ವಿನಾಯಿತಿ ಮುಗಿಯಿತು, ಅಲ್ಲಿಗೆ ಪೂರ್ತಿ ಬಂದ್.

ಹಾರ್ಮುಜ್ ಮುಚ್ಚುತ್ತಾರಾ ಅಂತ ಟಿ.ವಿ.ಯಲ್ಲಿ ಬಾಣದ ಗುರುತು ಹಾಕಿ ತೋರಿಸುತ್ತಾರಲ್ಲ, ಅದನ್ನು ನೋಡಿದರೆ ನಗು ಬರುತ್ತದೆ. ಜೂನ್ 22ಕ್ಕೆ ಇರಾನಿನ ಸಂಸತ್ತು ಮುಚ್ಚಬೇಕು ಎಂದು ಮತ ಹಾಕಿತು. ಆದರೆ ಅವರ ಸ್ವಂತ ತೈಲ ಚೀನಾಕ್ಕೆ ಹೋಗುವುದೂ ಅದೇ ಕಂಡಿಯಲ್ಲಿ. ಜಲಸಂಧಿಗೆ ಬೀಗ ಹಾಕಬೇಕಾಗಿಲ್ಲ. ನಾಲ್ಕು ಹಡಗಿಗೆ ಏಟು ಬಿದ್ದರೆ ಯುದ್ಧವಿಮೆಯ ಕಂತು ಏರುತ್ತದೆ, ಮಾಲೀಕ ಹಡಗನ್ನು ಜಲಸಂಧಿಯ ಹೊರಗಿನ ಫುಜೈರಾದಲ್ಲೇ ನಿಲ್ಲಿಸು ಅನ್ನುತ್ತಾನೆ. ಮುಗಿಯಿತು. ದಿನಕ್ಕೆ ಸುಮಾರು 2 ಕೋಟಿ ಬ್ಯಾರೆಲ್, ಜಗತ್ತು ಸುಡುವ ಎಣ್ಣೆಯಲ್ಲಿ ಐದರಲ್ಲೊಂದು ಪಾಲು, ಅಲ್ಲಿ ಸಿಕ್ಕಿಕೊಳ್ಳುತ್ತದೆ. ಮಂಗಳೂರಿನ ಬಂಡೆ ಕೊರೆದು 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್ ಹಿಡಿಯುವ ಗುಹೆ ಮಾಡಿಟ್ಟಿದ್ದೇವೆ. ಮಂಗಳೂರಿನ ಗುಹೆಗೆ ತುಂಬಿದ ತೈಲದಲ್ಲಿ ಇರಾನಿನದ್ದೂ ಇತ್ತು. ಅದು ಕೆಲವು ದಿನದ ಮಾತು. ಅಡುಗೆ ಅನಿಲಕ್ಕೆ ಅದೂ ಇಲ್ಲ. ಅರ್ಧಕ್ಕಿಂತ ಹೆಚ್ಚು ಹೊರಗಿನಿಂದ, ಅದರಲ್ಲೂ ಹೆಚ್ಚಿನದ್ದು ಆ ಕಡೆಯಿಂದಲೇ. ಪೆಟ್ರೋಲಿಗೆ ಮೊದಲು ಸಿಲಿಂಡರಿಗೆ ತಾಗುತ್ತದೆ, ಬರೆದಿಟ್ಟುಕೊಳ್ಳಿ.

ದೋಹಾ ಕನ್ನಡತಿ | ರಾತ್ರಿ 8.45

ಇಲ್ಲಿಂದ ನೋಡಿದ್ದನ್ನ ಹೇಳ್ತೀನಿ. ಜೂನ್ 22ಕ್ಕೆ ಅಮೆರಿಕದವರು ಫೋರ್ಡೊ ಮೇಲೆ, ನತಾಂಜ್ ಮೇಲೆ ಆ 30,000 ಪೌಂಡ್ ತೂಕದ ಬಾಂಬ್ ಹಾಕಿದ್ರಲ್ಲ, ಮಾರನೇ ದಿನ ಸಂಜೆ ಇಲ್ಲಿ ಇದ್ದಕ್ಕಿದ್ದಂಗೆ ವಿಮಾನ ಎಲ್ಲಾ ಬಂದ್ ಅಂತ ಸುದ್ದಿ ಬಂತು. ನಮ್ಮೆಜಮಾನ್ರು ಮಸ್ಕತ್‌ನಲ್ಲಿ ಸಿಕ್ಕಿಹಾಕಿಕೊಂಡ್ರು. ನಾನು ಅನ್ನಕ್ಕಿಟ್ಟು ಮಗನ ಹೋಂವರ್ಕ್ ನೋಡ್ತಿದ್ದೆ. ಏಳೂವರೆ ಸುಮಾರಿಗೆ ಕಿಟಕಿ ಗಾಜು ಗಡಗಡ ಅಂತು. ಬಾಲ್ಕನಿಗೆ ಹೋದ್ರೆ ಆಕಾಶದಲ್ಲಿ ಕಿತ್ತಳೆ ಬಣ್ಣದ ಚುಕ್ಕಿಗಳು ಮೇಲೆ ಮೇಲೆ ಹೋಗಿ ಒಡೀತಿದ್ವು. ಪಕ್ಕದ ಮನೆ ಮಲಯಾಳಿ ಚೇಚಿ ಬಾಗಿಲಲ್ಲಿ ನಿಂತು ಪಾಸ್‌ಪೋರ್ಟ್ ಕವರ್ ಎದೆಗವಚಿಕೊಂಡು ಪಿಸಪಿಸ ಪ್ರಾರ್ಥನೆ ಮಾಡ್ತಿದ್ರು. ಮಗ ದೀಪಾವಳಿನಾ ಅಮ್ಮಾ ಅಂದ. ಅನ್ನ ತಳ ಹಿಡೀತು.

ಅಲ್ ಉದೈದ್ ನೆಲೆಗೆ ಹೊಡೆದದ್ದಂತೆ. ಸಾವಿರಾರು ಅಮೆರಿಕನ್ ಸೈನಿಕರಿರೋ ಜಾಗ. ಇರಾನ್ ಮೊದಲೇ ತಿಳಿಸಿತ್ತು, ಯಾರಿಗೂ ಏನೂ ಆಗಲಿಲ್ಲ. ಟ್ರಂಪ್ ಅವರು ಮುಂಚೆ ಹೇಳಿದ್ದಕ್ಕೆ ಇರಾನಿಗೆ ಥ್ಯಾಂಕ್ಸ್ ಬೇರೆ ಹೇಳಿದ್ರು! ತೈಲದ ಬೆಲೆ ಏರೋ ಬದಲು ಆ ರಾತ್ರಿ ಇಳೀತು. ಬೆಳಿಗ್ಗೆ ಹಾಲಿನ ಗಾಡಿ ಎಂದಿನ ಹಾಗೇ ಬಂತು.

ನನಗೆ ಕ್ಷಿಪಣಿಗಿಂತ ಹೆದರಿಕೆ ಇರೋದು ನೀರಿನದ್ದು. ಇಲ್ಲಿ ನಲ್ಲೀಲಿ ಬರೋದು ಸಮುದ್ರದ ನೀರನ್ನೇ ಸಿಹಿ ಮಾಡಿದ್ದು. ಎದುರು ದಂಡೆಯಲ್ಲಿ ಬುಶೆಹರ್ ಅಣುಸ್ಥಾವರ ಇದೆ. ಅದಕ್ಕೇನಾದ್ರೂ ಆದ್ರೆ ಮೂರೇ ದಿನದಲ್ಲಿ ಕತಾರಿನಲ್ಲಿ ಕುಡಿಯೋ ನೀರು ಖಾಲಿ ಅಂತ ಹಿಂದೆ ಇಲ್ಲಿನ ಸರ್ಕಾರ ಲೆಕ್ಕ ಹಾಕಿತ್ತು. ಈ ವರ್ಷ ಮಾರ್ಚ್‌ನಲ್ಲಿ ಪ್ರಧಾನಿಗಳೇ ಹೇಳಿದ್ರು. ಆ ಲೆಕ್ಕ ಆದ್ಮೇಲೇ ದೊಡ್ಡ ದೊಡ್ಡ ಜಲಾಗಾರ ಕಟ್ಟಿಸಿದ್ದು. ನಾನಂತೂ ಸ್ಟೋರ್ ರೂಮಲ್ಲಿ ಇಪ್ಪತ್ತು ಕ್ಯಾನ್ ಇಟ್ಟಿದೀನಿ. ನಗಬೇಡಿ.

ಕಾಫಿ ಬೇಕಾ | 9.02

ನಗ್ತಾ ಇಲ್ಲ ಅಕ್ಕಾ.

ನೇರ ಮಾತು | 9.30

ಮೊದಲೇ ಹೇಳಿ ಹೊಡೆಯೋದು ಅಂದ್ರೆ ನಾಟಕ ಅಲ್ವಾ? ಇಬ್ಬರಿಗೂ ಯುದ್ಧ ಬೇಡ. ಇರಾನಿನ ಕೈಕಾಲೂ ಮುರಿದಿದೆ. ಲೆಬನಾನಿನಲ್ಲಿ ಅದರ ಜೊತೆಗಿದ್ದ ಹಿಜ್ಬುಲ್ಲಾದ ಮುಖ್ಯಸ್ಥ ನಸ್ರಲ್ಲಾ ಕಳೆದ ಸೆಪ್ಟೆಂಬರಲ್ಲಿ ಹೋದ, ಡಿಸೆಂಬರಲ್ಲಿ ಸಿರಿಯಾದ ಅಸ್ಸಾದ್ ಮಾಸ್ಕೋಗೆ ಓಡಿದ. ಉಳಿದಿರೋರು ಯೆಮೆನ್ನಿನ ಹೂತಿಗಳು. ಪ್ರಾದೇಶಿಕ ಯುದ್ಧ ಮಾಡೋಕೆ ಪ್ರದೇಶದಲ್ಲಿ ಜನ ಬೇಕಲ್ಲ ಸ್ವಾಮಿ.

ಕಡಲ ತಡಿ | ರಾತ್ರಿ 11.10

ನಾಟಕ ಅನ್ನಿ, ನನಗೆ ಅಡ್ಡಿಯಿಲ್ಲ. ನಾಟಕಕ್ಕೆ ಇಬ್ಬರೂ ಮೊದಲೇ ಮಾತಾಡಿಕೊಂಡಿರಬೇಕು. ನನ್ನ ತಕರಾರು ಇರುವುದು ಅಲ್ಲಿಯೇ.

ಹಾರ್ಮುಜ್‌ನಲ್ಲಿ ಹಡಗು ಹೋಗುವ ದಾರಿ ಎಷ್ಟು ಅಗಲ ಅಂತ ಅಂದಾಜುಂಟಾ? ಒಳಗೆ ಹೋಗಲಿಕ್ಕೆ ಎರಡು ಮೈಲು, ಹೊರಗೆ ಬರಲಿಕ್ಕೆ ಎರಡು ಮೈಲು, ನಡುವೆ ಎರಡು ಮೈಲು ಖಾಲಿ. ರಾತ್ರಿ ಎರಡು ಗಂಟೆಗೆ ಬ್ರಿಡ್ಜಿನಲ್ಲಿ ನಿಂತಿರುತ್ತೇವೆ. ರೇಡಿಯೋದ ವಿಎಚ್‌ಎಫ್ 16ನೇ ಚಾನೆಲ್‌ನಲ್ಲಿ ಇರಾನಿನ ನೌಕಾಪಡೆ ಕೇಳುತ್ತದೆ: ಯಾವ ಬಾವುಟ, ಎಲ್ಲಿಂದ ಬಂದಿರಿ, ಎಲ್ಲಿಗೆ. ಹೇಳುತ್ತೇವೆ. ಸ್ವಲ್ಪ ಹೊತ್ತಿಗೆ ಅಮೆರಿಕದ ಹಡಗು ಅದೇ ಚಾನೆಲ್‌ನಲ್ಲಿ ಅದೇ ಮೂರು ಪ್ರಶ್ನೆ ಕೇಳುತ್ತದೆ. ಮತ್ತೆ ಹೇಳುತ್ತೇವೆ. ಇಬ್ಬರಿಗೂ ಇಬ್ಬರ ಮಾತೂ ಕೇಳುತ್ತಿರುತ್ತದೆ. ನಡುವೆ ಅದೇ ಚಾನೆಲ್‌ನಲ್ಲಿ ಯಾರೋ ಹಾಡು ಹಾಕುತ್ತಾನೆ, ಯಾರೋ ಮಂಗನ ಹಾಗೆ ಕೂಗುತ್ತಾನೆ. ಕೊಲ್ಲಿಯಲ್ಲಿ ಸುತ್ತಿದ ಎಲ್ಲರಿಗೂ ಈ ರೇಡಿಯೋ ಕಿಡಿಗೇಡಿಗಳ ಪರಿಚಯ ಉಂಟು. 2008ರ ಜನವರಿ 6ರಂದು ಇರಾನಿನ ಐದು ದೋಣಿಗಳು ಅಮೆರಿಕದ ಮೂರು ಯುದ್ಧನೌಕೆಗಳ ಹತ್ತಿರ ಬಂದಾಗ ಇನ್ನು ಕೆಲವೇ ನಿಮಿಷದಲ್ಲಿ ನೀವು ಸ್ಫೋಟಗೊಳ್ಳುತ್ತೀರಿ ಎಂಬ ಅರ್ಥದ ಮಾತು ರೇಡಿಯೋದಲ್ಲಿ ಬಂತು. ಗುಂಡು ಹಾರಿಸುವುದೊಂದೇ ಬಾಕಿ. ದೋಣಿಗಳು ತಿರುಗಿ ಹೋದವು. ಆ ದನಿ ದೋಣಿಯಿಂದ ಬಂದದ್ದೇ ಅಲ್ಲ, ಅಂಥ ಯಾವನೋ ಕಿಡಿಗೇಡಿಯದ್ದಿರಬೇಕು ಎಂದು ಅಮೆರಿಕದ ನೌಕಾಪಡೆಗೇ ಆಮೇಲೆ ಅನ್ನಿಸಿತು.

ಇನ್ನೊಂದು ಉದಾಹರಣೆ. 2016ರ ಜನವರಿಯಲ್ಲಿ ಅಮೆರಿಕದ ಎರಡು ಸಣ್ಣ ದೋಣಿಗಳು ದಾರಿ ತಪ್ಪಿ ಇರಾನಿನ ಫಾರ್ಸಿ ದ್ವೀಪದ ಹತ್ತಿರ ಹೋದವು. ಹತ್ತು ನಾವಿಕರು ಸೆರೆ. ಮೊಣಕಾಲೂರಿಸಿ ಕೈ ತಲೆಯ ಹಿಂದೆ ಇಡಿಸಿದ ಚಿತ್ರ ಜಗತ್ತೆಲ್ಲ ಓಡಾಡಿತು. 1988ರ ಹವೆ ಆಗಿದ್ದರೆ ಏನಾಗುತ್ತಿತ್ತೋ. ಆದರೆ ಒಪ್ಪಂದದ ಮಾತುಕತೆಯಲ್ಲಿ ಎರಡು ವರ್ಷ ಎದುರುಬದುರು ಕೂತಿದ್ದರಿಂದ ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಕೆರ್ರಿ ಹತ್ತಿರ ಇರಾನಿನ ವಿದೇಶಾಂಗ ಸಚಿವ ಝರೀಫ್‌ರ ನಂಬರ್ ಇತ್ತು. ಫೋನ್ ಮಾಡಿದರು, ಮತ್ತೆ ಮಾಡಿದರು. ಒಂದು ದಿನ ತುಂಬುವ ಮೊದಲು ಹತ್ತೂ ಜನ ವಾಪಸ್.

2020ಕ್ಕೆ ಬನ್ನಿ. ಜನವರಿ 3ಕ್ಕೆ ಬಗ್ದಾದ್ ವಿಮಾನ ನಿಲ್ದಾಣದ ಹತ್ತಿರ ಇರಾನಿನ ಸೇನಾನಿ ಕಾಸಿಂ ಸುಲೈಮಾನಿಯನ್ನು ಅಮೆರಿಕದವರು ಡ್ರೋನ್ ಹಾಕಿ ಕೊಂದರು. ಆ ಹೊತ್ತಿಗೆ ಕೆರ್ರಿ ಹುದ್ದೆಯಲ್ಲಿ ಇಲ್ಲ, ನಂಬರೂ ಇಲ್ಲ. 1980ರಿಂದ ಎರಡು ದೇಶಗಳಿಗೆ ರಾಯಭಾರ ಸಂಬಂಧವೇ ಇಲ್ಲ. ಟೆಹ್ರಾನಿನಲ್ಲಿ ಅಮೆರಿಕದ ಪರವಾಗಿ ಸ್ವಿಟ್ಜರ್ಲೆಂಡಿನವರು ಕಾಗದ ಮುಟ್ಟಿಸುತ್ತಾರೆ. ಅವರ ಮೂಲಕ ಮಾತು ಹೋಯಿತು, ಬಂತು. ಜನವರಿ 8ಕ್ಕೆ ಇರಾನ್ ಇರಾಕಿಗೆ ಮುಂಚೆ ತಿಳಿಸಿಯೇ ಅಲ್ಲಿ ಅಮೆರಿಕದ ಸೈನಿಕರಿದ್ದ ಐನ್ ಅಲ್-ಅಸಾದ್ ನೆಲೆಗೆ ಹೊಡೆಯಿತು. ಯಾರೂ ಸಾಯಲಿಲ್ಲ, ನೂರಕ್ಕೂ ಹೆಚ್ಚು ಸೈನಿಕರ ಮಿದುಳಿಗೆ ಪೆಟ್ಟಾಯಿತು. ನಾಟಕ ಚೆನ್ನಾಗಿಯೇ ನಡೆಯಿತು ನೋಡಿ, ಎರಡು ಕಡೆಯೂ. ಅದೇ ಬೆಳಿಗ್ಗೆ ಟೆಹ್ರಾನಿನಲ್ಲಿ ಅಮೆರಿಕದ ಪ್ರತ್ಯುತ್ತರ ಬರುತ್ತದೆ ಎಂದು ನಿದ್ದೆಗೆಟ್ಟು ಕೂತಿದ್ದ ಇರಾನಿನ ಕ್ಷಿಪಣಿ ದಳದವರು ಉಕ್ರೇನಿನ ಪ್ರಯಾಣಿಕ ವಿಮಾನಕ್ಕೆ ಹೊಡೆದರು. 176 ಜನ. ಮೂರು ದಿನ ತಾಂತ್ರಿಕ ದೋಷ ಅಂದರು, ಆಮೇಲೆ ಒಪ್ಪಿಕೊಂಡರು.

655 ಮತ್ತು ಇದು, ಎರಡೂ ಒಂದೇ ಕಥೆ. ಹೊಡೆದವರು ಬೇರೆ ಅಷ್ಟೆ.

ನಿಮ್ಮ ಕೊನೆಯ ಮಾತಿಗೆ: ಕೈಕಾಲು ಮುರಿದವನ ಹತ್ತಿರ ಆಯ್ಕೆ ಕಡಿಮೆ ಇರುತ್ತದೆ. ಹಿಜ್ಬುಲ್ಲಾ ಗಟ್ಟಿ ಇದ್ದಾಗ ಇರಾನಿಗೆ ಹೊಡೆಯುವ ಮುಂಚೆ ಇಸ್ರೇಲ್ ಎರಡು ಸಲ ಯೋಚಿಸುತ್ತಿತ್ತು. ಈಗ ಬೇಕಾಗಿಲ್ಲ. ಮತ್ತೆ ಜೂನ್ 13ರ ದಾಳಿ ಆದದ್ದು ಯಾವಾಗ? 15ನೇ ತಾರೀಕು ಮಸ್ಕತ್‌ನಲ್ಲಿ ಅಮೆರಿಕ–ಇರಾನ್ ಆರನೇ ಸುತ್ತಿನ ಮಾತುಕತೆ ಗೊತ್ತಾಗಿತ್ತು. ಎರಡು ದಿನ ಮೊದಲು ಬಾಂಬ್ ಬಿತ್ತು. ಇನ್ನು ಮೇಲೆ ಟೆಹ್ರಾನಿನಲ್ಲಿ ಮಾತಾಡೋಣ ಎನ್ನುವವನ ಮಾತನ್ನು ಯಾರು ಕೇಳುತ್ತಾರೆ? ನಿನ್ನೆ ಅವರು ಅಣುಶಕ್ತಿ ಸಂಸ್ಥೆಯ ಜೊತೆ ಸಹಕಾರ ನಿಲ್ಲಿಸುವ ಕಾನೂನಿಗೆ ಸಹಿ ಹಾಕಿದರು. ಕಿವಿ ಮೊದಲೇ ಇರಲಿಲ್ಲ, ಈಗ ಕಣ್ಣೂ ಹೋಯಿತು.

ಧಾರವಾಡ ಮಾಸ್ತರ | 4 ಜುಲೈ, ಬೆಳಿಗ್ಗೆ 7.20

ಕಡಲ ತಡಿಯವರ, ಒಂದ ಸೇರಸ್ತೀನಿ. 2001ರ ಡಿಸೆಂಬರಿನ್ಯಾಗ ಜರ್ಮನಿಯ ಬಾನ್‌ನಲ್ಲಿ ಅಫ್ಘಾನಿಸ್ತಾನಕ್ಕ ಹೊಸಾ ಸರ್ಕಾರ ಮಾಡೂ ಸಭಾ ಆತು. ಅಲ್ಲಿ ಇರಾನಿನ ದೂತರು ಅಮೆರಿಕದವರಿಗೆ ಖರೇನ ಸಹಾಯ ಮಾಡಿದ್ರು, ತಾಲಿಬಾನ್ ಇಬ್ಬರಿಗೂ ವೈರಿ ಇತ್ತಲ್ಲ. ಎರಡು ತಿಂಗಳ ಆಗೂದ್ರಾಗ, 2002ರ ಜನವರಿ 29ಕ್ಕ, ಬುಷ್ ಸಾಹೇಬರು ಇರಾನನ್ನ ಇರಾಕ್, ಉತ್ತರ ಕೊರಿಯಾ ಜೋಡಿ ಒಂದ ಪಂಕ್ತಿಗೆ ಕುಂಡ್ರಿಸಿ ದುಷ್ಟಕೂಟ ಅಂದ್ರು. ಅಲ್ಲಿ ಮಾತಾಡಬೇಕು ಅನ್ನೂವವರ ಮಾರಿಗೆ ಮಸಿ. ಪ್ರತೀ ಸಲಾ ಹಿಂಗ. ಅವರ ಒಳಗಿನ ಮೆತ್ತಗಿನವ ಮುಂದ ಬಂದಾಗೆಲ್ಲಾ ಹೊರಗಿಂದ ಒಂದ ಕಲ್ಲು ಬೀಳತೈತಿ.

ಅಲೀಪುರದವನು | 4 ಜುಲೈ, ಸಂಜೆ 6.00

ಬರೀಬೇಕೋ ಬೇಡ್ವೋ ಅಂತ ನೋಡ್ತಿದ್ದೆ. ನಮ್ಮೂರು ಗೌರಿಬಿದನೂರು ತಾಲ್ಲೂಕಿನ ಅಲೀಪುರ. ಶಿಯಾ ಊರು, ಓದೋಕೆ, ಯಾತ್ರೆಗೆ ಇರಾನಿಗೆ ಹೋಗಿಬರೋದು ನಮ್ಮಲ್ಲಿ ಮಾಮೂಲಿ. ಈಗ ಮೊಹರಂ, ಊರೆಲ್ಲ ಕಪ್ಪು ಬಾವುಟ. ಖಾಲಾ ಮಗಳು ಟೆಹ್ರಾನಿನಲ್ಲಿ ಎಂಬಿಬಿಎಸ್ ಓದ್ತಾಳೆ. 13ನೇ ತಾರೀಕು ಬೆಳಗಿನ ಜಾವ ಫೋನ್ ಮಾಡಿ ಬಾಗಿಲು ಅಲ್ಲಾಡ್ತಿದೆ ಅಂದ್ಲು. ಆಮೇಲೆ ಹಾಸ್ಟೆಲಿನ ನೆಲಮಾಳಿಗೆ. ನಮ್ಮ ರಾಯಭಾರ ಕಚೇರಿಯವರು ಬಸ್ ಮಾಡಿ ಕೋಮ್‌ಗೆ ಕಳಿಸಿದ್ರು, ಅಲ್ಲಿಂದ ಮಶ್‌ಹದ್‌ಗೆ. 18ಕ್ಕೆ ಇಂಟರ್ನೆಟ್ ಹೋಯ್ತು. ಎರಡು ದಿನ ಖಾಲಾ ಫೋನ್ ಕೈಯಲ್ಲೇ ಹಿಡ್ಕೊಂಡು ಕೂತಿದ್ರು, ಚಾರ್ಜ್ ಹಾಕೋಕೂ ಬಿಡ್ತಿರಲಿಲ್ಲ. ಇರಾನ್ ಮುಚ್ಚಿದ್ದ ಆಕಾಶವನ್ನ ನಮ್ಮ ವಿಮಾನಕ್ಕೋಸ್ಕರ ತೆರೀತು, ದೆಹಲಿಗೆ ಬಂದಿಳಿದ್ಲು. ಆಪರೇಷನ್ ಸಿಂಧುನಲ್ಲಿ ಇರಾನಿನಿಂದ ಮೂರೂವರೆ ಸಾವಿರ ಜನ ಹೀಗೆ ಬಂದರಂತೆ. ಅವಳ ಬ್ಯಾಗಲ್ಲಿ ಅನಾಟಮಿ ಪುಸ್ತಕ ಇರಲಿಲ್ಲ, ಮೂರು ಚಾರ್ಜರ್ ಇತ್ತು.

ನೇರ ಮಾತು ಅವರೇ, ಆ ಸರ್ಕಾರ ಒಳ್ಳೇದು ಅಂತ ನಾನು ಹೇಳಲ್ಲ. ಅವಳ ಕ್ಲಾಸಿನ ಹುಡುಗಿಯರೇ 2022ರಲ್ಲಿ ಪೊಲೀಸ್ ವಶದಲ್ಲಿ ಸತ್ತ ಮಹ್ಸಾ ಅಮೀನಿಗೋಸ್ಕರ ಬೀದಿಗಿಳಿದಿದ್ರು. ಅವರಲ್ಲೊಬ್ಬಳ ಅಣ್ಣ ಎವಿನ್ ಜೈಲಿನಲ್ಲಿದ್ದ, ಸರ್ಕಾರದ ವಿರುದ್ಧ ಮಾತಾಡಿದ್ದಕ್ಕೆ. 23ಕ್ಕೆ ಇಸ್ರೇಲ್ ಆ ಜೈಲಿಗೇ ಬಾಂಬ್ ಹಾಕ್ತು. 71 ಜನ ಸತ್ತರು ಅಂತ ಅವರ ನ್ಯಾಯಾಂಗದವರು ಹೇಳಿದಾರೆ. ಕೈದಿಗಳು, ನೋಡೋಕೆ ಬಂದಿದ್ದ ಮನೆಯವರು, ಸಿಬ್ಬಂದಿ. ಆ ಅಣ್ಣ ಬದುಕಿದಾನಂತೆ, ಎಲ್ಲಿಗೆ ಸಾಗಿಸಿದಾರೆ ಗೊತ್ತಿಲ್ಲ. ಆ ಹುಡುಗಿ ಈಗ ಯಾರನ್ನ ಬೈಯ್ಯಬೇಕು?

ನೇರ ಮಾತು | 6.40

ಬರೆದದ್ದು ಒಳ್ಳೇದಾಯ್ತು ಭಾಯಿ. ಎವಿನ್ ವಿಷಯ ನನಗೆ ಗೊತ್ತಿರಲಿಲ್ಲ. ಇರಾನಿನ ಸರ್ಕಾರದ ಬಗ್ಗೆ ನನ್ನ ಅಭಿಪ್ರಾಯ ಬದಲಾಗಿಲ್ಲ, ಅದನ್ನೂ ಹೇಳಿಬಿಡ್ತೀನಿ.

ಹಳೇ ರಿಫೈನರಿ | 6 ಜುಲೈ, ಬೆಳಿಗ್ಗೆ 10.30

ನಿನ್ನೆ ರಾತ್ರಿ ಇರಾನಿನ ಸರ್ವೋಚ್ಚ ನಾಯಕ ಖಮೇನಿ ಹೊರಗೆ ಬಂದರು ನೋಡಿದಿರಾ? ಯುದ್ಧ ಶುರುವಾದ ಮೇಲೆ ಮೊದಲ ಸಲ, ಆಶುರಾ ಹಿಂದಿನ ರಾತ್ರಿಯ ಸಭೆಗೆ. ಮರ್ಸಿಯಾ ಅನ್ನುವ ಶೋಕಗೀತೆ ಹೇಳುವವರ ಹತ್ತಿರ ಇರಾನಿನ ಮೇಲಿನ ದೇಶಭಕ್ತಿ ಗೀತೆ ಹಾಡಿಸಿದರು. ಕರ್ಬಲಾದ ಶೋಕದಲ್ಲಿ ದೇಶದ ಹಾಡು! ಬಾಂಬ್ ಹಾಕಿದರೆ ಜನ ಸರ್ಕಾರದ ಮೇಲೆ ತಿರುಗಿಬೀಳುತ್ತಾರೆ ಎಂದು ಕೆಲವರು ಲೆಕ್ಕ ಹಾಕಿದ್ದರಲ್ಲ, ಸದ್ಯಕ್ಕೆ ಅದು ತಲೆಕೆಳಗೆ.

ಅಲೀಪುರದವನು | 6 ಜುಲೈ, ರಾತ್ರಿ 9.15

ಜುಲೂಸ್ ಮುಗಿಸಿ ಈಗ ಮನೆಗೆ ಬಂದೆ. ತಂಗಿಗೆ ಕಾಲೇಜಿನಿಂದ ಮೆಸೇಜ್ ಬಂದಿದೆ, ತರಗತಿ ಮತ್ತೆ ಶುರುವಾಗುತ್ತೆ, ಬರಬೇಕು ಅಂತ. ಅವಳು ಹೋಗ್ತೀನಿ ಅಂತಾಳೆ, ಇನ್ನೆರಡು ವರ್ಷ ಇದೆ. ಖಾಲಾ ಪಾಸ್‌ಪೋರ್ಟನ್ನ ಬೀರುವಿನಲ್ಲಿಟ್ಟು ಕೀಲಿ ಸೆರಗಿಗೆ ಕಟ್ಟಿಕೊಂಡಿದಾರೆ.

ದೋಹಾ ಕನ್ನಡತಿ | 9.40

ಹೋಗೋದಾದ್ರೆ ಯಾವ ದಾರಿ ಅಂತ ವಿಚಾರಿಸಿದೀರಾ? ದೋಹಾ ಮೇಲೆ ಬರೋ ಹಾಗಿದ್ರೆ ತಿಳಿಸಿ, ಟ್ರಾನ್ಸಿಟ್ ಹೊತ್ತಲ್ಲಿ ಊಟ ತಗೊಂಡು ಏರ್‌ಪೋರ್ಟ್ ಹತ್ತಿರ ಬರ್ತೀನಿ.